ಲೇಬಲ್ ಕೆರೆದ ರೆಕಾರ್ಡು (ಜಮೈಕಾ ಸರಣಿ, ಭಾಗ 4)

'ಸೌಂಡ್ ಸಿಸ್ಟಮ್ ಅಂದ್ರೆ ನಮ್ಮ ಮೈಕ್‌ಸೆಟ್ ತಾನೇ?' ಅಂತ ಕೇಳಿದ್ರಿ. ಹೆಚ್ಚುಕಮ್ಮಿ ಹೌದು. ಆದ್ರೆ ಅಲ್ಲಿ ಮೈಕ್‌ಸೆಟ್‌ಗೇ ಅಭಿಮಾನಿಗಳು!

1950ರ ದಶಕದ ಕಿಂಗ್‌ಸ್ಟನ್. ಕ್ಲಬ್ಬಿಗೆ ಹೋಗೋಕೆ ಬಡವರ ಹತ್ರ ದುಡ್ಡಿಲ್ಲ. ಬಯಲಲ್ಲಿ ಬೀರುವಿನಷ್ಟು ದೊಡ್ಡ ಸ್ಪೀಕರ್ ಇಟ್ಟು ಅಮೆರಿಕದ ರಿದಮ್ ಅಂಡ್ ಬ್ಲೂಸ್ ಹಾಕೋರು. ಬೇರೆಯವರ ಹತ್ರ ಇಲ್ಲದ ಹಾಡು ಯಾರ ಹತ್ರ ಇದೆಯೋ, ಜನ ಅವರ ಕಡೆ. ಅದಕ್ಕೇ ಕಾಕ್ಸನ್ ಡಾಡ್ ರೆಕಾರ್ಡಿನ ಲೇಬಲ್ಲನ್ನೇ ಕೆರೆದುಬಿಡ್ತಿದ್ದ. ವಿಲ್ಲಿಸ್ ಜಾಕ್ಸನ್‌ನ ಸ್ಯಾಕ್ಸೊಫೋನ್ ರೆಕಾರ್ಡೊಂದಕ್ಕೆ 'ಕಾಕ್ಸನ್ ಹಾಪ್' ಅಂತ ತನ್ನ ಹೆಸರನ್ನೇ ಇಟ್ಟ. ಎದುರಾಳಿ ಡ್ಯೂಕ್ ರೀಡ್, ಮಾಜಿ ಪೊಲೀಸ್, ಹೆಂಡದಂಗಡಿ ಮಾಲೀಕ, ವರ್ಷಗಟ್ಟಲೆ ಹುಡುಕಿ ಅದನ್ನ ಪತ್ತೆಹಚ್ಚಿ ಹಾಕಿಯೇಬಿಟ್ಟ. ಕೇಳಿ ಕಾಕ್ಸನ್ ಮೂರ್ಛೆ ಹೋದನಂತೆ. (ಬಿಪಿ ಇಳಿದಿರಬೇಕು!)

ಆಮೇಲೆ ಅಮೆರಿಕ ರಾಕ್ ಅಂಡ್ ರೋಲ್ ಕಡೆ ಹೊರಳಿತು, ಇವರಿಗೆ ಬೇಕಾದಂಥ ಹಾಡು ಬರೋದೇ ಕಮ್ಮಿ ಆಯ್ತು. ಇಬ್ಬರೂ ಊರಿನ ವಾದ್ಯಗಾರರನ್ನೇ ಕೂರಿಸಿ ರೆಕಾರ್ಡ್ ಮಾಡಿಸಿದ್ರು. ಸ್ಕಾ ಹುಟ್ಟಿದ್ದು ಹಾಗೆ.

ಡ್ಯೂಕ್ ವಿನ್ ಇದನ್ನ ಲಂಡನ್ನಿಗೆ ತಂದ ಕಥೆ ಮುಂದಿನ ಭಾಗದಲ್ಲಿ.