ಅನುಭವದಲ್ಲಿರುವವನ ಹಕ್ಕು: ಇಂಗ್ಲಿಷ್ ಭೂಕಾನೂನಿನ ಚರಿತ್ರೆಯಲ್ಲೊಂದು ತೊಡಕು

ಭೂಮಿ ಕೈಬದಲಾದಾಗ, ಅದರಲ್ಲಿ ಮೂರನೆಯವನೊಬ್ಬನಿಗಿದ್ದ ಹಕ್ಕು ಕೊಂಡವನನ್ನೂ ಬಂಧಿಸುವುದೇ ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಕಾನೂನು ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. 1925ರ ಪ್ರಸಿದ್ಧ ಸುಧಾರಣೆಯಲ್ಲಿ ಈ ವಿಷಯವಾಗಿ ಉಳಿದುಹೋದ ಒಂದು ಬಿರುಕನ್ನು ಇಲ್ಲಿ ಪರಿಶೀಲಿಸುತ್ತೇವೆ.

ಹಳೆಯ ಉತ್ತರ ಚಾನ್ಸರಿ ನ್ಯಾಯಾಲಯದ್ದು. ಭೂಮಿ ಒಬ್ಬನ ಹೆಸರಿನಲ್ಲಿದ್ದು ಅದರ ಪ್ರಯೋಜನ ಇನ್ನೊಬ್ಬನಿಗೆ ಸಲ್ಲಬೇಕಾದಾಗ, ಚಾನ್ಸಲರನು ಒಡೆಯನ ಮನಸ್ಸಾಕ್ಷಿಯನ್ನು ಹಿಡಿದು ಆ ಇನ್ನೊಬ್ಬನನ್ನು ರಕ್ಷಿಸಿದನು. ಆದುದರಿಂದ ರಕ್ಷಣೆಯ ಮೇರೆಯೂ ಮನಸ್ಸಾಕ್ಷಿಯೇ ಆಯಿತು. ಬೆಲೆ ಕೊಟ್ಟು, ಪ್ರಾಮಾಣಿಕವಾಗಿ, ಆ ಹಕ್ಕಿನ ಅರಿವಿಲ್ಲದೆ ಕಾನೂನುಬದ್ಧ ಒಡೆತನವನ್ನು ಪಡೆದ ಕ್ರಯದಾರನನ್ನು ಅದು ಮುಟ್ಟುತ್ತಿರಲಿಲ್ಲ. 1872ರ ಪಿಲ್ಚರ್ ವಿರುದ್ಧ ರಾಲಿನ್ಸ್ ತೀರ್ಪು ಈ ನಿಯಮವನ್ನು ದೃಢಪಡಿಸಿತು. ಆದರೆ ವಿಚಾರಿಸಿದ್ದರೆ ತಿಳಿಯಬಹುದಾಗಿದ್ದುದೂ ಅರಿವೇ ಎಂದು ಎಣಿಸಲಾಗುತ್ತಿತ್ತು. ಹೊಲದಲ್ಲಿ ಗೇಣಿದಾರನು ಉಳುತ್ತಿರುವಾಗ ಅವನನ್ನು ಕೇಳದೆ ಕೊಂಡವನು ತನಗೆ ತಿಳಿಯದೆನ್ನುವಂತಿರಲಿಲ್ಲ. ಭಾರತದ 1882ರ ಸ್ವತ್ತು ವರ್ಗಾವಣೆ ಅಧಿನಿಯಮಕ್ಕೆ 1929ರಲ್ಲಿ ಸೇರಿದ, ಸ್ವಾಧೀನವೇ ತಿಳಿವಳಿಕೆಯೆಂಬ ವಿವರಣೆಯೂ ಈ ವಿಚಾರಧಾರೆಗೇ ಸೇರಿದ್ದು.

ಈ ಪದ್ಧತಿಯಲ್ಲಿ ನ್ಯಾಯವಿತ್ತು, ನೆಮ್ಮದಿಯಿರಲಿಲ್ಲ. 1926ರ ಜನವರಿ 1ರಂದು ಜಾರಿಗೆ ಬಂದ ಹೊಸ ಶಾಸನಗಳು ಕ್ರಯದಾರನ ಮನಸ್ಸನ್ನು ಕೆದಕುವ ಕೆಲಸವನ್ನು ಬಹುಮಟ್ಟಿಗೆ ನಿಲ್ಲಿಸಿದವು. ಪತ್ರಗಳ ಆಧಾರದ ಮೇಲೆಯೇ ಒಡೆತನ ನಡೆದುಬಂದ ಭೂಮಿಯಲ್ಲಿ, ಕ್ರಯದ ಕರಾರಿನಂಥ ಹಕ್ಕು ಭೂಭಾರಗಳ ದಾಖಲೆಯಲ್ಲಿ ನೋಂದಣಿಯಾಗದಿದ್ದರೆ, ಹಣಕೊಟ್ಟು ಕೊಂಡವನ ಎದುರು ಅದು ಅಸಿಂಧು. ಅವನಿಗೆ ಅದರ ಅರಿವಿತ್ತೇ ಎಂದು ಕೇಳುವಂತಿಲ್ಲ.

ಇದರ ಪರಿಣಾಮ ಲಿಂಕನ್‌ಷೈರಿನ ಒಂದು ರೈತ ಕುಟುಂಬದಲ್ಲಿ ಕಂಡುಬಂತು. ತಂದೆಯೊಬ್ಬನು 1961ರಲ್ಲಿ, ತನ್ನ ಗೇಣಿದಾರನಾಗಿ ದುಡಿಯುತ್ತಿದ್ದ ಮಗನಿಗೆ, ಸುಮಾರು 300 ಎಕರೆ ಜಮೀನನ್ನು ಹತ್ತು ವರ್ಷಗಳೊಳಗೆ ಎಕರೆಗೆ 75 ಪೌಂಡಿನಂತೆ ಕೊಳ್ಳುವ ಹಕ್ಕನ್ನು ಬರೆದುಕೊಟ್ಟನು. ಅದು ನೋಂದಣಿಯಾಗಲಿಲ್ಲ. 1967ರಲ್ಲಿ, ಆ ಹಕ್ಕನ್ನು ಮುರಿಯುವುದಕ್ಕಾಗಿಯೇ, ತಂದೆಯು ಸುಮಾರು 40,000 ಪೌಂಡು ಬಾಳುವ ಜಮೀನನ್ನು ತನ್ನ ಹೆಂಡತಿಗೆ 500 ಪೌಂಡಿಗೆ ಕ್ರಯಮಾಡಿದನು. ಅಪೀಲು ನ್ಯಾಯಾಲಯವು ಮಗನ ಪಕ್ಷವನ್ನು ಎತ್ತಿಹಿಡಿದರೂ, 1980ರ ಡಿಸೆಂಬರಿನಲ್ಲಿ ಲಾರ್ಡ್ಸ್ ಸಭೆಯು ತಾಯಿಯ ಕ್ರಯವೇ ಸಿಂಧುವೆಂದಿತು. ಶಾಸನವು ಪ್ರಾಮಾಣಿಕತೆಯನ್ನು ಕೇಳಿಲ್ಲ, ಆದ್ದರಿಂದ ತಾವೂ ಕೇಳಲಾಗದೆಂಬುದು ಲಾರ್ಡ್ ವಿಲ್ಬರ್‌ಫೋರ್ಸರ ನಿಲುವು. ಹಕ್ಕನ್ನು ನೋಂದಾಯಿಸದೆ ಬಿಟ್ಟ ವಕೀಲರು ಹೊಣೆಗಾರರೆಂದು ಬೇರೊಂದು ವ್ಯಾಜ್ಯದಲ್ಲಿ ತೀರ್ಮಾನವಾಗಿತ್ತು, ನಿಜ; ಆದರೆ ಪರಿಹಾರದ ಹಣ ಹೊಲವಾಗದು.

ಉಳುತ್ತಿದ್ದವನ ಕೈಬಿಡುವುದು ಸುಧಾರಕರ ಉದ್ದೇಶವಾಗಿತ್ತೆ? ಆಗಿರಲಿಲ್ಲವೆಂದೇ ನಮಗೆ ತೋರುತ್ತದೆ. 1922ರ ಅಧಿನಿಯಮದಲ್ಲಿ, ಸ್ವಾಧೀನದಲ್ಲಿರುವವನ ಹಿತಕ್ಕೆ 'ಈ ಭಾಗ'ದಿಂದ ಬಾಧೆಯಾಗದೆಂಬ ಕಲಮು ಇತ್ತು. ಭಾರಗಳ ನೋಂದಣಿಯ ನಿಯಮಗಳೂ ಅದೇ ಭಾಗದಲ್ಲಿದ್ದವು. 1925ರಲ್ಲಿ ವಿಷಯಗಳನ್ನು ಪ್ರತ್ಯೇಕ ಅಧಿನಿಯಮಗಳಾಗಿ ವಿಂಗಡಿಸಿದಾಗ ರಕ್ಷಣೆಯ ಕಲಮು ಸ್ವತ್ತು ಅಧಿನಿಯಮದ 14ನೆಯದಾಗಿ ಉಳಿಯಿತು, ನೋಂದಣಿಯ ನಿಯಮಗಳು ಭೂಭಾರಗಳ ಅಧಿನಿಯಮಕ್ಕೆ ಹೋದವು. 'ಈ ಭಾಗ' ಎಂಬ ಮಾತಿಗೆ ಆಮೇಲೆ ಹೆಚ್ಚಿನ ಅರ್ಥ ಉಳಿಯಲಿಲ್ಲ. ಚರ್ಚಿಸಿ ಕಿತ್ತುಹಾಕಿದ ರಕ್ಷಣೆಯಲ್ಲ ಇದು, ಪುಟ ಜೋಡಿಸುವಾಗ ಜಾರಿಹೋದದ್ದು.

ಒಡೆತನವನ್ನೇ ಸರ್ಕಾರಿ ರಿಜಿಸ್ಟರಿನಲ್ಲಿ ದಾಖಲಿಸಿದ ಭೂಮಿಯಲ್ಲಿ ಸ್ಥಿತಿ ಬೇರೆ. 1925ರ ಭೂನೋಂದಣಿ ಅಧಿನಿಯಮದ 70ನೆಯ ಕಲಮು ವಾಸ್ತವ ಅನುಭವದಲ್ಲಿರುವವನ ಹಕ್ಕನ್ನು, ರಿಜಿಸ್ಟರಿನಲ್ಲಿ ಇಲ್ಲದಿದ್ದರೂ, ಕಾಪಾಡಿತು. 1980ರ ಜೂನಿನಲ್ಲಿ ಅದೇ ವಿಲ್ಬರ್‌ಫೋರ್ಸರು ವಿಲಿಯಮ್ಸ್ ಅಂಡ್ ಗ್ಲಿನ್ಸ್ ಬ್ಯಾಂಕಿನ ವ್ಯಾಜ್ಯದಲ್ಲಿ, ಮನೆಯ ಬೆಲೆಗೆ ತಾನೂ ಹಣಕೊಟ್ಟು ಅಲ್ಲಿ ವಾಸವಾಗಿದ್ದ ಹೆಂಡತಿಯ ಹಿತವು, ಗಂಡನು ಮಾಡಿದ ಅಡಮಾನಕ್ಕಿಂತ ಮೇಲೆಂದು ತೀರ್ಪಿತ್ತರು. ಹನ್ನೊಂದು ವರ್ಷಗಳ ಹಿಂದೆ, 1969ರಲ್ಲಿ, ಪತ್ರಾಧಾರದ ಭೂಮಿಯ ವಿಷಯದಲ್ಲಿ, ಗಂಡನೊಡನಿರುವ ಹೆಂಡತಿಯನ್ನು ಬ್ಯಾಂಕು ವಿಚಾರಿಸಬೇಕಾಗಿಲ್ಲವೆಂದು ಒಬ್ಬ ನ್ಯಾಯಾಧೀಶರು ಹೇಳಿದ್ದರು! ಲಿಂಕನ್‌ಷೈರಿನ ಹೊಲವೂ ಇಂಥ ರಿಜಿಸ್ಟರಿನಲ್ಲಿದ್ದಿದ್ದರೆ ಮಗನು ಗೆಲ್ಲುತ್ತಿದ್ದನೆನ್ನಲು ಅಡ್ಡಿಯಿಲ್ಲ. ಗೇಣಿದಾರನ ಕೊಳ್ಳುವ ಹಕ್ಕಿಗೂ ಆ ಕಲಮು ಸಲ್ಲುವುದೆಂದು 1966ರಲ್ಲಿಯೇ ತೀರ್ಮಾನವಾಗಿತ್ತು.

2003ರ ಅಕ್ಟೋಬರ್ 13ರಂದು ಜಾರಿಗೆ ಬಂದ 2002ರ ಅಧಿನಿಯಮವು ಈ ರಕ್ಷಣೆಯನ್ನು ಉಳಿಸಿಕೊಂಡಿತು. ಆದರೆ ಸ್ಥಳವನ್ನು ತಕ್ಕ ಎಚ್ಚರದಿಂದ ನೋಡಿದವನಿಗೆ ಆ ಅನುಭವ ಕಾಣುವಂತಿರಬೇಕು, ಇಲ್ಲವೆ ಕೊಂಡವನಿಗೆ ಆ ಹಕ್ಕು ನಿಜವಾಗಿ ತಿಳಿದಿರಬೇಕು. ರಿಜಿಸ್ಟರಿಗೆ ಇನ್ನೂ ಬಾರದ ಭೂಮಿಗೆ 1972ರ ಭೂಭಾರಗಳ ಅಧಿನಿಯಮದ ಮೂಲಕ ಹಳೆಯ ಕಟ್ಟಳೆಯೇ ಅನ್ವಯಿಸುತ್ತದೆ.