ಹಿಮದ ಹಾದಿಯ ಮುಯ್ಯಾಳುಗಳು

ಸ್ಕೀ ಸಂಘಗಳ ಇತಿಹಾಸವನ್ನು 1861ನೆಯ ಇಸವಿಯಿಂದ ಆರಂಭಿಸುವುದು ವಾಡಿಕೆ. ಆದರೆ ಮೊದಲನೆಯ ಸಂಘ ಹುಟ್ಟಿದ್ದು ಎಲ್ಲಿ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಒಂದು, ನಾರ್ವೆಯ ಪೂರ್ವದಂಚಿನಲ್ಲಿ ಸ್ವೀಡನ್ನಿನ ಗಡಿಗೆ ತಾಗಿಕೊಂಡಿರುವ ಟ್ರೀಸಿಲ್ ಎಂಬ ಕಾಡುಸೀಮೆ. ಇನ್ನೊಂದು, ಭೂಗೋಳದ ಆಚೆಯ ಮಗ್ಗುಲಿನಲ್ಲಿ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತದ ಕಿಯಾಂಡ್ರ ಎಂಬ ಚಿನ್ನದ ಗಣಿಯೂರು. ಎರಡು ಕಡೆಯವರೂ ತಮ್ಮದೇ ಲೋಕದ ಮೊದಲ ಸಂಘವೆಂದು ವಾದಿಸುತ್ತ ಬಂದಿದ್ದಾರೆ.

ಡಿಸೆಂಬರಿನಲ್ಲಿ ಉಷ್ಣಾಂಶವು ಹನ್ನೆರಡು ಡಿಗ್ರಿಗೆ ಇಳಿದರೆ ಮಂಕಿ ಟೋಪಿ ಹುಡುಕುವ ಮಲ್ಕಾಜ್‌ಗಿರಿಯ ನಿವಾಸಿಗೆ ಈ ವ್ಯಾಜ್ಯದಲ್ಲಿ ಏನು ಆಸಕ್ತಿ ಎಂದು ಓದುಗರು ಕೇಳಬಹುದು. ಹಿಮದ ಆಸಕ್ತಿಗಿಂತ ಹೆಚ್ಚಾಗಿ ಇದು ಸಂಘದ ಆಸಕ್ತಿ. ಸಂಬಳವಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ನಾಲ್ಕು ಜನ ಸೇರಿ ಒಂದು ಕೆಲಸವನ್ನು ವರ್ಷವರ್ಷವೂ ನಡೆಸಿಕೊಂಡು ಹೋಗುವುದು ಹೇಗೆ ಎಂಬುದು ಊರು ಬಿಟ್ಟು ಬಂದು ಕನ್ನಡ ಸಂಘಗಳನ್ನು ಕಟ್ಟಿಕೊಂಡ ನಮಗೆ ಅಪರಿಚಿತ ಪ್ರಶ್ನೆಯಲ್ಲ.

ಕಿಯಾಂಡ್ರದ ಕಥೆ ಸ್ವಾರಸ್ಯವಾದದ್ದು. 1859ರ ಕೊನೆಯಲ್ಲಿ ಅಲ್ಲಿ ಚಿನ್ನ ಕಂಡಿತು. 1860ರಲ್ಲಿ ಸಾವಿರಾರು ಜನ ಮುಗಿಬಿದ್ದರು. ಮರುವರ್ಷಕ್ಕೆ ಬಹುಪಾಲು ಜನ ಬೇರೆ ಗಣಿಗಳನ್ನರಸಿ ಹೊರಟುಹೋದರು. ಉಳಿದವರ ಮೇಲೆ ಜೂನ್ ತಿಂಗಳಿನಿಂದ ಹಿಮ ಸುರಿಯಿತು. ಗಣಿ ನಿಂತಿತು, ದಾರಿ ಮುಚ್ಚಿತು. ಗಣಿಗಾರರಲ್ಲಿ ಕೆಲವರು ನಾರ್ವೆಯವರಿದ್ದರು. ಅವರು ಬೇಲಿಯ ಹಲಗೆಗಳನ್ನು ಕಿತ್ತು, ತುದಿಯನ್ನು ಮೇಲಕ್ಕೆ ಬಗ್ಗಿಸಿ, ಕಾಲಿಗೆ ಕಟ್ಟಿಕೊಂಡು ಗುಡ್ಡದಿಂದ ಜಾರತೊಡಗಿದರು. ಅದೇ ಚಳಿಗಾಲದ ಪತ್ರಿಕಾ ವರದಿಗಳಲ್ಲಿ ಈ ಹಲಗೆಯಾಟದ ಉಲ್ಲೇಖವಿದೆ. ಕಿಯಾಂಡ್ರದವರ ವಾದಕ್ಕೆ ಅದೇ ಆಧಾರ.

ಇತ್ತ ಟ್ರೀಸಿಲ್‌ನವರದು ಬಂದೂಕು ಮತ್ತು ಸ್ಕೀ ಎರಡನ್ನೂ ಹೆಸರಿನಲ್ಲಿಯೇ ಇಟ್ಟುಕೊಂಡ ಸಂಘ. ಗಡಿನಾಡಿನ ರೈತರು ಗುರಿಯಿಡಲೂ ಹಿಮದಲ್ಲಿ ಓಡಲೂ ಕಲಿತಿರಬೇಕೆಂಬ ದೇಶರಕ್ಷಣೆಯ ಆಶಯ ಅದರ ಹಿಂದಿತ್ತು. ಹಾಗಾದರೆ ಸಂಘವೆಂದರೆ ಯಾವುದು? ಹತ್ತು ಜನ ಸೇರಿ ಜಾರಿದರೆ ಸಂಘವೇ, ಇಲ್ಲವೆ ನಡಾವಳಿ ಪುಸ್ತಕವಿದ್ದರೆ ಮಾತ್ರ ಸಂಘವೇ? ಸರ್ಕಾರಿ ನೌಕರನಾದ ನಾನು ಕಡತದಲ್ಲಿಲ್ಲದ್ದು ನಡೆದೇ ಇಲ್ಲವೆಂದು ನಂಬುವ ಕುಲಕ್ಕೆ ಸೇರಿದವನು. ಆದರೂ ಈ ಮೊಕದ್ದಮೆಯಲ್ಲಿ ನನ್ನ ಮನಸ್ಸು ಬೇಲಿಹಲಗೆಯವರ ಕಡೆಗೇ ವಾಲುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿಯೂ ಕ್ಲಬ್ಬು ಇತ್ತು, ಗಾಲ್ಫ್ ಮೈದಾನವಿತ್ತು. ಆದರೆ ಅವು ಜಾನ್ ಟೇಲರ್ ಕಂಪನಿಯ ಬಿಳಿಯ ಅಧಿಕಾರಿಗಳಿಗಾಗಿ ಇದ್ದಂಥವು. ನೆಲದಡಿಗೆ ಇಳಿಯುವವರ ಸಾಲುಮನೆಗಳು ಅವುಗಳಿಂದ ದೂರವಿದ್ದವು. ಗಣಿ ಕೆಲಸದವರೇ ಹಲಗೆ ಕಿತ್ತು ಕಟ್ಟಿಕೊಂಡ ಆಟಕ್ಕೆ ಬೇರೆಯೇ ಒಂದು ಬೆಲೆಯಿದೆ.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳ ಚಿನ್ನದ ಶಿಬಿರಗಳಲ್ಲಿಯೂ ಇದೇ ನಡೆಯಿತು. ಲಾ ಪೋರ್ಟ್ ಎಂಬಲ್ಲಿ 1867ರಲ್ಲಿ ಗಣಿಗಾರರು ಸಂಘ ಕಟ್ಟಿ ಪಂದ್ಯಗಳನ್ನು ಏರ್ಪಡಿಸಿದರು. ಆ ಪರ್ವತಗಳ ಇತಿಹಾಸದಲ್ಲಿ ನನಗೆ ಎಲ್ಲರಿಗಿಂತ ಆಪ್ತನಾಗಿ ಕಾಣುವವನು ಟಪಾಲು ಹೊತ್ತ ಸ್ನೋಶೂ ಥಾಂಪ್ಸನ್. ನಾರ್ವೆಯ ಟೆಲೆಮಾರ್ಕ್ ಸೀಮೆಯಲ್ಲಿ 1827ರಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕೆಗೆ ಹೋದವನು. 1856ರಿಂದ ಸುಮಾರು ಇಪ್ಪತ್ತು ಚಳಿಗಾಲ, ಪ್ಲೇಸರ್‌ವಿಲ್‌ನಿಂದ ಜೆನೋವಾದವರೆಗೆ ತೊಂಬತ್ತು ಮೈಲಿ, ಹತ್ತು ಅಡಿ ಉದ್ದದ ಹಲಗೆಗಳ ಮೇಲೆ, ಒಂದೇ ಕೋಲು ಹಿಡಿದು, ಬೆನ್ನ ಮೇಲೆ ಟಪಾಲಿನ ಮೂಟೆ ಹೊತ್ತು ದಾಟಿದ. ಹೋಗಲು ಮೂರು ದಿನ, ಬರಲು ಎರಡು ದಿನ. 1856ರ ಡಿಸೆಂಬರಿನಲ್ಲಿ ಕಾಲುಗಳು ಹೆಪ್ಪುಗಟ್ಟಿ ಬಿದ್ದಿದ್ದ ಒಬ್ಬನನ್ನು ಕಂಡು, ಜನರನ್ನು ಕರೆತಂದು ಅವನನ್ನು ಸಾಗಿಸಿ, ಶಸ್ತ್ರಚಿಕಿತ್ಸೆಗೆ ಕ್ಲೋರೋಫಾರ್ಮ್ ಇಲ್ಲವೆಂದು ತಿಳಿದಾಗ ಅದನ್ನು ತರಲು ಮತ್ತೆ ಪರ್ವತ ದಾಟಿದವನು ಅವನು. ಇಷ್ಟಾದರೂ ಅಂಚೆ ಇಲಾಖೆಯಿಂದ ಅವನಿಗೆ ಸಂಬಳ ಸಿಗಲಿಲ್ಲ. ನೆವಾಡಾದ ಶಾಸನಸಭೆ ಅವನ ಪರವಾಗಿ ಶಿಫಾರಸು ಮಾಡಿತು. 1870ರ ದಶಕದಲ್ಲಿ ಅವನೇ ವಾಷಿಂಗ್ಟನ್ನಿಗೆ ಹೋಗಿ ಅಹವಾಲು ಸಲ್ಲಿಸಿದ. ಭರವಸೆಗಳು ದೊರೆತವು, ಹಣ ದೊರೆಯಲಿಲ್ಲ. 1876ರಲ್ಲಿ ಅವನು ತೀರಿಕೊಂಡ. ಬಾಕಿ ವೇತನದ ಕಡತಗಳ ನಡುವೆ ದಿನ ಕಳೆಯುವವರಿಗೆ ಈ ಕಥೆ ಬಹಳ ದೂರದ್ದೆಂದು ಅನ್ನಿಸದು.

ಅವನದೇ ಟೆಲೆಮಾರ್ಕಿನ ಸೊಂಡ್ರೆ ನೂರ್‌ಹೈಮ್ ಬಡ ಒಕ್ಕಲು. ಹದವಾದ ಬಳ್ಳಿಯನ್ನು ಹೆಣೆದು ಹಿಮ್ಮಡಿಯನ್ನು ಬಿಗಿಯುವ ಕಟ್ಟನ್ನು ಅವನು ರೂಪಿಸಿದ್ದರಿಂದ ಹಲಗೆಯ ಮೇಲೆ ತಿರುಗುವುದೂ ನೆಗೆಯುವುದೂ ಸುಲಭವಾಯಿತು. 1868ರಲ್ಲಿ, ಇಂದಿನ ಓಸ್ಲೋ ಆಗಿರುವ ಅಂದಿನ ಕ್ರಿಸ್ತಿಯಾನಿಯಾ ನಗರದಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ ಅವನು ತೋರಿದ ಕೌಶಲ ನಗರದವರನ್ನು ಬೆರಗುಗೊಳಿಸಿತು. ಹಳ್ಳಿಯವರ ನಡೆದಾಟ ನಗರದವರ ಕ್ರೀಡೆಯಾದದ್ದು ಹಾಗೆ. 1883ರಲ್ಲಿ ಅಲ್ಲಿ ಸ್ಕೀ ಕ್ರೀಡೆಯ ಏಳಿಗೆಗಾಗಿ ಸ್ಥಾಪನೆಯಾದ ಸಂಘ ಇಂದಿಗೂ ಬದುಕಿದೆ. ಓಸ್ಲೋ ಸುತ್ತಲಿನ ಕಾಡಿನಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಸ್ಕೀ ಹಾದಿಗಳಿವೆ. ಚಳಿಗಾಲದ ಹಾದಿಗೆ ಕೆಂಪು ಗುರುತು, ಬೇಸಿಗೆಯ ಕಾಲ್ದಾರಿಗೆ ನೀಲಿ ಗುರುತು.

ಈ ಹಾದಿಗಳು ತಾವಾಗಿಯೇ ಉಂಟಾಗುವುದಿಲ್ಲ. ಬೆಟ್ಟದಿಂದ ಇಳಿಜಾರಿನಲ್ಲಿ ಸರ್ರನೆ ಇಳಿಯುವ ಸ್ಕೀಯಿಂಗಿಗೆ ಹೋಟೆಲು, ಎಳೆಯುವ ಯಂತ್ರ, ಟಿಕೆಟ್ಟು ಎಲ್ಲವೂ ಬೆನ್ನಿಗಿರುತ್ತವೆ. ಸಮತಟ್ಟಿನಲ್ಲಿ, ಏರಿಳಿತಗಳಲ್ಲಿ ಮೈಲಿಗಟ್ಟಲೆ ಸಾಗುವ ಕ್ರಾಸ್-ಕಂಟ್ರಿ ಸ್ಕೀಯಿಂಗಿಗೆ ಅಂಥ ವ್ಯಾಪಾರದ ಆಸರೆ ಕಡಮೆ; ಅದು ಬಹುಪಾಲು ಊರಿನವರ ರಟ್ಟೆಯ ಮೇಲೆ ನಿಂತಿದೆ. ಕೆಲಸ ಆರಂಭವಾಗುವುದು ಹಿಮಕ್ಕೆ ಮೊದಲು, ಎಲೆಯುದುರುವ ಕಾಲದಲ್ಲಿ. ಬಿದ್ದ ಮರ ಕೊಯ್ಯಬೇಕು, ಪೊದೆ ಸವರಬೇಕು, ತೊರೆಗೆ ಹಲಗೆಯ ಸೇತುವೆ ಹಾಕಬೇಕು, ತಿರುವುಗಳಲ್ಲಿ ಗುರುತಿನ ಕೋಲು ನೆಡಬೇಕು. ಮೊದಲ ಹಿಮ ಬಿದ್ದೊಡನೆ ಅದನ್ನು ತುಳಿದು ಗಟ್ಟಿ ಮಾಡಬೇಕು. ಸಡಿಲವಾದ ಹಿಮ ಕಂಬಳಿಯಿದ್ದಂತೆ: ಕೆಳಗಿನ ಜೌಗುನೆಲವನ್ನು ಬೆಚ್ಚಗಿಟ್ಟು ಹೆಪ್ಪುಗಟ್ಟಲು ಬಿಡುವುದಿಲ್ಲ. ತುಳಿದರೆ ಚಳಿ ಕೆಳಗಿಳಿಯುತ್ತದೆ, ನೆಲ ಗಟ್ಟಿಯಾಗುತ್ತದೆ, ಮುಂದೆ ಬೀಳುವ ಹಿಮಕ್ಕೆ ತಳ ಸಿಗುತ್ತದೆ. ಆಮೇಲೆ ಹಿಮ ಬಿದ್ದಾಗಲೆಲ್ಲ ಯಂತ್ರದ ಹಿಂದೆ ಅಚ್ಚು ಕಟ್ಟಿಕೊಂಡು ಎಳೆದು ಎರಡು ಸಮಾನಾಂತರ ಗೀರುಗಳನ್ನು ಮೂಡಿಸಬೇಕು. ಅದನ್ನು ರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ ಮಾಡುತ್ತಾರೆ. ಹದಗೊಳಿಸಿದ ಹಿಮ ಗಟ್ಟಿಯಾಗಲು ಕೆಲವು ಗಂಟೆಗಳ ಚಳಿ ಬೇಕು. ಬೆಳಗ್ಗೆ ಸ್ಕೀ ಮಾಡಲು ಬಂದವರು ಗೀರುಗಳನ್ನು ಕಾಣುತ್ತಾರೆಯೇ ಹೊರತು ನಿದ್ದೆಗೆಟ್ಟವನನ್ನಲ್ಲ. ಇನ್ನು ಮಕ್ಕಳಿಗೆ ಕಲಿಸುವುದು, ಹಳೆಯ ಹಲಗೆಗಳನ್ನು ಕಿರಿಯರಿಗೆ ದಾಟಿಸುವುದು, ಪಂದ್ಯದ ದಿನ ಗಡಿಯಾರ ಹಿಡಿಯುವುದು, ಲೆಕ್ಕ ಬರೆಯುವುದು.

ನಾರ್ವೆಯವರು ಇಂಥ ಕೂಡುಗೆಲಸವನ್ನು ‘ಡುಗ್ನಾಡ್’ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಪದ ಹುಡುಕಬೇಕಾಗಿಲ್ಲ, ಮುಯ್ಯಾಳು ಎಂಬ ಮಾತು ನಮ್ಮಲ್ಲಿದೆ. ಆದರೆ ಒಂದು ಸೂಕ್ಷ್ಮ ವ್ಯತ್ಯಾಸವುಂಟು. ನನ್ನ ಗದ್ದೆಗೆ ನೀನು ಬಂದರೆ ನಿನ್ನ ಗದ್ದೆಗೆ ನಾನು ಬರುವೆನೆಂಬುದು ಮುಯ್ಯಿ. ಅಲ್ಲಿ ಕೊಟ್ಟದ್ದು ಹಿಂತಿರುಗುತ್ತದೆ. ಕಾಡಿನ ಹಾದಿಯ ಮೇಲೆ ಯಾರು ಹೋಗುವರೆಂದು ತಿಳಿಯದೆ ಮಾಡುವ ಕೆಲಸದಲ್ಲಿ ಹಿಂತಿರುಗುವ ಲೆಕ್ಕವಿಲ್ಲ. ನಮ್ಮ ಅರವಟ್ಟಿಗೆ ಅದಕ್ಕೆ ಇನ್ನೂ ಹತ್ತಿರ.

ಆದರೆ ಸಂಘವೆಂದರೆ ಎಲ್ಲರೂ ಎಂದು ಅರ್ಥವಲ್ಲ. ಸ್ವೀಡನ್ನಿನಲ್ಲಿ ಸೇಲೆನ್‌ನಿಂದ ಮೂರಾವರೆಗೆ 90 ಕಿಲೋಮೀಟರ್ ದೂರದ ವಾಸಾಲೋಪ್ಪೆಟ್ ಓಟ 1922ರಲ್ಲಿ ಆರಂಭವಾಯಿತು. ಅದರ ಒಡೆತನ ಇಂದಿಗೂ ಆ ಎರಡು ಊರುಗಳ ಕ್ರೀಡಾಸಂಘಗಳದ್ದು; ದಾರಿಯುದ್ದಕ್ಕೂ ಸ್ವಯಂಸೇವಕರು ಓಟಗಾರರಿಗೆ ಬೆಚ್ಚನೆಯ ಬ್ಲೂಬೆರಿ ಸಾರು ಕೊಡುತ್ತಾರೆ. 1923ರಲ್ಲಿ ಮಾರ್ಗಿತ್ ನೂರ್ಡಿನ್ ಎಂಬಾಕೆ ಪೂರ್ಣ ದೂರ ಕ್ರಮಿಸಿದಳು. ಮರುವರ್ಷವೇ ಮಹಿಳೆಯರಿಗೆ ನಿಷೇಧ ಬಂದಿತು. ಅದು ತೆರವಾದದ್ದು 1981ರಲ್ಲಿ. ಐವತ್ತೇಳು ವರ್ಷ ಹೆಂಗಸರು ಸಾರು ಬಡಿಸಬಹುದಿತ್ತು, ಅಧಿಕೃತವಾಗಿ ಓಡುವಂತಿರಲಿಲ್ಲ.

ಭಾರತದಲ್ಲಿ ಸ್ಕೀ ಹಲಗೆ ಬೇರೂರಿದ್ದು ಗುಲ್ಮಾರ್ಗ್‌ನಲ್ಲಿ, 1927ರಲ್ಲಿ ಬ್ರಿಟಿಷ್ ಸೇನಾಧಿಕಾರಿಗಳಿಬ್ಬರು ಸ್ಥಾಪಿಸಿದ ಸ್ಕೀ ಕ್ಲಬ್ ಆಫ್ ಇಂಡಿಯಾದೊಂದಿಗೆ. ಅದು ರಜೆಯ ಮೇಲೆ ಬಂದ ಸಾಹೇಬರ ವಿನೋದ. ಅವರು ಹೋದೊಡನೆ ಅದೂ ಕರಗಿತು. ಆ ಜಾಗಕ್ಕೆ ಮರುಹುಟ್ಟು ಬಂದದ್ದು ಕನ್ನಡನಾಡಿನವರೊಬ್ಬರಿಂದ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1948ರಲ್ಲಿ ಕಾಶ್ಮೀರದ 19ನೆಯ ಪದಾತಿ ಡಿವಿಜನ್ನಿನ ದಂಡನಾಯಕರಾಗಿದ್ದರು. ಆ ವರ್ಷದ ನವೆಂಬರ್ ಒಂದರಂದು ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನೇರಿಸಿದ ಸಾಹಸ ಪ್ರಸಿದ್ಧ. ಅದೇ ವರ್ಷದ ಕೊನೆಯಲ್ಲಿ ಹಿಮದಲ್ಲಿ ಕಾದುವ ಸೈನಿಕರ ತರಬೇತಿಗಾಗಿ ಗುಲ್ಮಾರ್ಗ್‌ನಲ್ಲಿ ಅವರು ಆರಂಭಿಸಿದ ಸ್ಕೀ ಶಾಲೆ ಅಷ್ಟು ಪ್ರಸಿದ್ಧವಲ್ಲ. ಅದೇ ಮುಂದೆ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿ ಬೆಳೆಯಿತು. ತಿಮ್ಮಯ್ಯನವರು ಸೇವೆಯ ಬಹುಭಾಗ ಕಳೆದದ್ದು ಅಂದಿನ ಹೈದರಾಬಾದ್ ರೆಜಿಮೆಂಟಿನಲ್ಲಿ ಎಂಬುದನ್ನು ಇಲ್ಲಿಯ ಓದುಗರಿಗೆ ನೆನಪಿಸುವ ಆಸೆ ತಡೆಯಲಾರೆ. ಇಂದಿನ ಕುಮಾವೂ ರೆಜಿಮೆಂಟಿನ ಹಳೆಯ ಹೆಸರದು.

ಸೈನ್ಯದಿಂದ ಹುಟ್ಟಿದ ಕ್ರೀಡೆ ಬಹುಕಾಲ ಸೈನ್ಯದಲ್ಲಿಯೇ ಉಳಿಯಿತು. ಚಳಿಗಾಲದ ಒಲಿಂಪಿಕ್ಸ್‌ನ ಕ್ರಾಸ್-ಕಂಟ್ರಿ ಸ್ಪರ್ಧೆಗೆ ಭಾರತದಿಂದ ಹೋದ ತಾಶಿ ಲುಂಡುಪ್, ನದೀಮ್ ಇಕ್ಬಾಲ್, ಜಗದೀಶ್ ಸಿಂಗ್ ಮೂವರೂ ಸೇನೆಯವರು. ಊರಿನವರೇ ಹಾದಿ ತುಳಿದು ಕೊಡುವ ಸಂಘ ನಮ್ಮಲ್ಲಿ ಬೆಳೆಯಲಿಲ್ಲ. ಇದನ್ನು ಬರಿಯ ಹಿಮದ ಕೊರತೆಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ; ಕಾಶ್ಮೀರ, ಲಡಾಖ್, ಹಿಮಾಚಲಗಳಲ್ಲಿ ಹಿಮಕ್ಕೆ ಬರವಿಲ್ಲ. ಸಲಕರಣೆಯ ಬೆಲೆ, ಗಡಿಯ ಅಶಾಂತಿ, ಎಲ್ಲವನ್ನೂ ಸರ್ಕಾರವೇ ಮಾಡಲಿ ಎನ್ನುವ ನಮ್ಮ ಅಭ್ಯಾಸ, ಮೂರಕ್ಕೂ ಪಾಲಿದೆ.

ಅಂಥ ಆಸರೆಯಿಲ್ಲದ ಕಡೆಯಿಂದಲೇ, ಅದೂ ಹಿಮವೇ ಬೀಳದ ಕೊಡಗಿನಿಂದ, ಭವಾನಿ ತೆಕ್ಕಡ ನಂಜುಂಡ ಬಂದಿದ್ದಾರೆ. 2024ರಲ್ಲಿ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಅವರು ಕರ್ನಾಟಕಕ್ಕೆ ಚಿನ್ನ ತಂದರು. ಆ ವರ್ಷ ಪದಕಪಟ್ಟಿಯಲ್ಲಿ ಸೇನೆಯ ಮುಂದಿನ ಸ್ಥಾನ ಕರ್ನಾಟಕದ್ದಾಗಿತ್ತು. ಅದೇ ವರ್ಷ ಚಿಲಿ ದೇಶದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 5 ಕಿಲೋಮೀಟರ್ ಓಟದ ಕಂಚು ಅವರದಾಯಿತು. ತಿಮ್ಮಯ್ಯನವರ ಶಾಲೆಯಿದ್ದ ಅದೇ ಗುಲ್ಮಾರ್ಗ್‌ಗೆ ಮುಕ್ಕಾಲು ಶತಮಾನದ ಬಳಿಕ ಕೊಡಗಿನ ಹೆಣ್ಣುಮಗಳು ಬಂದು ಗೆದ್ದದ್ದು ಆಕಸ್ಮಿಕವೇ ಇರಬಹುದು. ಆದರೂ ಇತಿಹಾಸ ಓದುವವನಿಗೆ ಇಂಥ ಆಕಸ್ಮಿಕಗಳೇ ಹಬ್ಬ.

ಈಗ ಹಿಮವೇ ಕೈಕೊಡುತ್ತಿದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿ ಕಂದುಬಣ್ಣಕ್ಕೆ ತಿರುಗಿದ್ದ ಚಿತ್ರಗಳನ್ನು ನಾವೆಲ್ಲ ಕಂಡೆವು. ಮರುವರ್ಷ ಫೆಬ್ರುವರಿಯಲ್ಲಿ ನಡೆಯಬೇಕಿದ್ದ ಕ್ರೀಡಾಕೂಟವನ್ನು ಹಿಮವಿಲ್ಲದೆ ಮಾರ್ಚಿಗೆ ಮುಂದೂಡಬೇಕಾಯಿತು. ಅಮೆರಿಕೆಯ ವಿಸ್ಕಾನ್ಸಿನ್ ರಾಜ್ಯದಲ್ಲಿ 1973ರಲ್ಲಿ ಕೇವಲ 35 ಜನರಿಂದ ಆರಂಭವಾಗಿ ಇಂದು ಸಾವಿರಾರು ಜನ ಸೇರುವ ಅಮೆರಿಕನ್ ಬಿರ್ಕೆಬೈನರ್ ಓಟದ ಪಾಡೂ 2024ರಲ್ಲಿ ಅದೇ ಆಯಿತು. ಕೇಬಲ್‌ನಿಂದ ಹೇವರ್ಡ್‌ವರೆಗಿನ ಕಾಡುಹಾದಿಯುದ್ದಕ್ಕೂ ಹುಲ್ಲು ಕಾಣುತ್ತಿತ್ತು. ಯಂತ್ರದಿಂದ ಹಿಮ ತಯಾರಿಸಿ 10 ಕಿಲೋಮೀಟರಿನ ಒಂದು ಸುತ್ತುಹಾದಿಯನ್ನು ಹಾಸಿದರು. ಓಟಗಾರರು ಅದರಲ್ಲಿಯೇ ಮತ್ತೆ ಮತ್ತೆ ಸುತ್ತಿದರು. ಸ್ವಯಂಸೇವಕರು ಎಂದಿನಂತೆ ನೀರು ಹಿಡಿದು ಅಂಚಿನಲ್ಲಿ ನಿಂತಿದ್ದರು.