ನಾವು ನೋಡದ ಗ್ರಹಣ

1980ರ ಫೆಬ್ರವರಿ 16. ಮಸ್ಕಿಯ ನಮ್ಮ ಮನೆಯ ಬಾಗಿಲು, ಕಿಟಕಿಗಳೆಲ್ಲ ಮುಚ್ಚಿದ್ದವು. ಬಸುರಿಯಾಗಿದ್ದ ಅವ್ವ ಕತ್ತಲ ಮೂಲೆಯಲ್ಲಿ ಅಲುಗದೆ ಕುಳಿತಿದ್ದಳು. "ಹೊರಗ ಇಣುಕಬ್ಯಾಡ" ಎಂದಳು. ಹತ್ತು ವರ್ಷದ ನಾನು ಇಣುಕಲಿಲ್ಲ. ಅದೇ ಹೊತ್ತಿಗೆ ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಬೆಂಗಳೂರಿನ ಖಭೌತ ಸಂಸ್ಥೆಯ ವಿಜ್ಞಾನಿಗಳು ದೂರದರ್ಶಕ ಹೂಡಿ ಖಗ್ರಾಸ ಸೂರ್ಯಗ್ರಹಣ ನೋಡುತ್ತಿದ್ದರು.

ಫ್ರಾನ್ಸಿನ ಫೇಬಿಯನ್ ಶೆರೋ 2000ದಲ್ಲಿ ಆರಂಭಿಸಿದ 'ಸ್ಟೆಲೇರಿಯಂ' ಎಂಬ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ಲಿಂಗಸುಗೂರಿನ ಶಾಲೆಯಲ್ಲಿ ಮಕ್ಕಳಿಗೆಂದು ಅದನ್ನು ಕಲಿತೆ. ಒಂದು ಸಂಜೆ ಮನೆಯಲ್ಲಿ ಊರು, ದಿನಾಂಕ ಕೊಟ್ಟು ಗಡಿಯಾರವನ್ನು ಮಧ್ಯಾಹ್ನ ಮೂರು ಮುಕ್ಕಾಲರ ಸುಮಾರಿಗೆ ತಿರುಗಿಸಿದೆ. ಸೂರ್ಯ ಕಪ್ಪಾದ, ಮೇಲೆ ಬುಧ, ಶುಕ್ರರು ಹೊಳೆದರು. ಎರಡು ನಿಮಿಷ ಕಳೆದು ಮತ್ತೆ ಬೆಳಕು.

ಪಕ್ಕದಲ್ಲಿ ಕುಳಿತಿದ್ದ ಮುದಿ ಅವ್ವ ಕನ್ನಡಕ ಒರೆಸಿಕೊಂಡಳು. "ಇಷ್ಟು ಚೆಂದ ಇತ್ತೇನ? ಯಾರಾರ ನನಗ ಹೇಳಬೇಕಿತ್ತಲ್ಲವ್ವಾ."